ಚಾರಣದ ಹಾದಿಯಲ್ಲಿ ಹಾವು ಕಂಡರೆ ಗುರುತಿಸುವುದು ಹೇಗೆ? ಬೆಂಗಳೂರಿನ ಸುತ್ತಮುತ್ತ ನಡೆಯುವವರಿಗೊಂದು ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ, ನವೆಂಬರ್ ತಿಂಗಳ ಒಂದು ಬೆಳಿಗ್ಗೆ ನಾವು ಐದು ಜನ ಸಾವನದುರ್ಗದ ಬುಡದ ಕುರುಚಲು ಕಾಡಿನಲ್ಲಿ ನಡೆಯುತ್ತಿದ್ದೆವು. ಮುಂದೆ ಹೋಗುತ್ತಿದ್ದ ಗೆಳೆಯ ನಿಂತು, "ಹೆಬ್ಬಾವಿನ ಮರಿ, ಬೇಗ ಬನ್ನಿ" ಎಂದು ಕೈಸನ್ನೆ ಮಾಡಿದ. ಒಣಗಿದ ತರಗೆಲೆಗಳ ಮೇಲೆ ಸುರುಳಿ ಸುತ್ತಿಕೊಂಡು ಅದು ಮಲಗಿತ್ತು. ದಪ್ಪ ಮೈ, ಕಂದು ಬಣ್ಣ, ಅಲುಗಾಟವೇ ಇಲ್ಲ. ಗೆಳೆಯ ಮೊಬೈಲ್ ಹಿಡಿದು ಮೊಣಕಾಲೂರಲು ಹೊರಟಿದ್ದ. ಅಷ್ಟರಲ್ಲಿ ಕುಕ್ಕರಿನಿಂದ ಹಬೆ ನುಗ್ಗುವಂತಹ ಸದ್ದು ಕೇಳಿಸಿತು. ಒಂದೇ ಉಸಿರಿನಲ್ಲಿ, ನಿಲ್ಲದೆ, ಅಷ್ಟು ಚಿಕ್ಕ ಜೀವಿಯಿಂದ ಬರಬಹುದೆಂದು ನಂಬಲಾಗದಷ್ಟು ದೊಡ್ಡ ಸದ್ದು. ಅವನ ತೋಳು ಹಿಡಿದು ಹಿಂದಕ್ಕೆ ಎಳೆದೆ. ಅಲ್ಲಿ ಮಲಗಿದ್ದದ್ದು ಕೊಳಕುಮಂಡಲ.

ಗೆಳೆಯ ಓದಿಕೊಂಡವನು, ಕಾಡು ಸುತ್ತಿದವನು. ಆದರೆ ಅವನು ನೋಡಿದ್ದು ಬಣ್ಣವನ್ನು ಮತ್ತು ದಪ್ಪವನ್ನು ಮಾತ್ರ. ಹೆಚ್ಚಿನ ತಪ್ಪುಗಳು ಹೀಗೆಯೇ ಆಗುತ್ತವೆ. ಒಂದೇ ಜಾತಿಯ ಹಾವುಗಳಲ್ಲಿ ಬಣ್ಣ ವಯಸ್ಸಿಗೆ, ಊರಿಗೆ, ಪೊರೆ ಬಿಡುವ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಹಾವನ್ನು ಗುರುತಿಸುವಾಗ ಬಣ್ಣ ಕೊನೆಗೆ ಬರಲಿ. ಮೊದಲು ಜಾಗ ಮತ್ತು ಹೊತ್ತು, ಆಮೇಲೆ ಚಲನೆ, ಆಮೇಲೆ ಮೈಕಟ್ಟು, ಆಮೇಲೆ ಮೈಮೇಲಿನ ವಿನ್ಯಾಸ ಮತ್ತು ತಲೆ. ಈ ಕ್ರಮ ರೂಢಿಯಾದರೆ ನಾಲ್ಕು ಮಾರು ದೂರದಿಂದಲೇ ಹೆಚ್ಚಿನ ಹಾವುಗಳ ಹೆಸರು ಹೇಳಬಹುದು. ಹತ್ತಿರ ಹೋಗಿ ನೋಡಿದರೆ ಮಾತ್ರ ತಿಳಿಯುವಂತಹ ಗುರುತು ಚಾರಣಿಗನಿಗೆ ಬೇಕಾದದ್ದಲ್ಲ.

ಹೊರಡುವ ಮೊದಲು: ಯಾವ ಹಾವುಗಳನ್ನು ಕಲಿಯಬೇಕು

ಭಾರತದಲ್ಲಿ ಮುನ್ನೂರಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಅಷ್ಟನ್ನೂ ಕಲಿಯುವ ಅಗತ್ಯವಿಲ್ಲ. ತುರಹಳ್ಳಿ, ಬನ್ನೇರುಘಟ್ಟ, ಸಾವನದುರ್ಗ, ರಾಮನಗರದ ಬಂಡೆಗಳು, ಮಾಕಳಿದುರ್ಗ, ನಂದಿಬೆಟ್ಟ, ಸ್ಕಂದಗಿರಿ, ಹೆಸರಘಟ್ಟದ ಹುಲ್ಲುಗಾವಲು, ಊರೊಳಗಿನ ಕೆರೆ ಏರಿಗಳು ಮತ್ತು ಜ್ಞಾನಭಾರತಿ ಆವರಣ, ಇಷ್ಟೂ ಕಡೆ ನಡೆಯುವವರು ಗಟ್ಟಿಯಾಗಿ ಕಲಿಯಬೇಕಾದದ್ದು ನಾಲ್ಕು ವಿಷದ ಹಾವುಗಳನ್ನು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕಟ್ಟುಹಾವನ್ನು ಮಲೆನಾಡಿನ ಕಡೆ ಕಡಂಬಳ ಎನ್ನುತ್ತಾರೆ. ದೇಶದಲ್ಲಿ ಹಾವು ಕಡಿದು ಆಗುವ ಸಾವುಗಳಲ್ಲಿ ಬಹುಪಾಲು ಈ ನಾಲ್ಕರಿಂದಲೇ ಆಗುತ್ತವೆ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷವನ್ನು ತಯಾರಿಸುವುದೂ ಈ ನಾಲ್ಕರ ವಿಷ ಬಳಸಿಯೇ.

ಈ ನಾಲ್ಕನ್ನು ಒಂಟಿಯಾಗಿ ಕಲಿಯಬೇಡಿ. ಪ್ರತಿಯೊಂದಕ್ಕೂ ನೋಡಲು ಹಾಗೆಯೇ ಇರುವ ನಿರುಪದ್ರವಿ ಹಾವು ಒಂದೋ ಎರಡೋ ಇದೆ. ಜೋಡಿಯಾಗಿ ಕಲಿತರೆ ವ್ಯತ್ಯಾಸ ನೆನಪಿನಲ್ಲಿ ಉಳಿಯುತ್ತದೆ. ಕಾಳಿಂಗ ಸರ್ಪದ ಚಿಂತೆ ಇಲ್ಲಿ ಬೇಡ, ಅದು ಆಗುಂಬೆಯಂತಹ ಮಳೆಕಾಡಿನದು. ಬೆಂಗಳೂರಿನ ಬಡಾವಣೆಗಳಲ್ಲಿ ಕಾಳಿಂಗ ಎಂದು ಸುದ್ದಿಯಾಗುವುದು ಹೆಚ್ಚಾಗಿ ಎರಡು ಮೀಟರ್ ಬೆಳೆದ ಕೇರೆಹಾವು.

ಮೊದಲ ಹೆಜ್ಜೆ: ನಿಲ್ಲುವುದು

ಹಾವು ಕಂಡ ಕ್ಷಣ ಇದ್ದಲ್ಲೇ ನಿಲ್ಲಿ. ಹಿಂದೆ ಬರುವವರಿಗೆ ಕೈ ಎತ್ತಿ ತೋರಿಸಿ. ನೋಡಿದ ಹಾವಿನ ಮೇಲೆ ಕಣ್ಣಿಟ್ಟು, ಕಾಲಡಿಯನ್ನೂ ಒಮ್ಮೆ ನೋಡಿಕೊಂಡು ನಿಧಾನವಾಗಿ ಹಿಂದೆ ಸರಿಯಿರಿ. ನಿಮಗೂ ಅದಕ್ಕೂ ನಡುವೆ ಕನಿಷ್ಠ 3 ಮೀಟರ್ ಇರಲಿ. ಹಾವು ತನ್ನ ಮೈಯುದ್ದದ ಮೂರನೇ ಒಂದು ಭಾಗದಿಂದ ಅರ್ಧದಷ್ಟು ದೂರ ಎಗರಿ ಕಚ್ಚಬಲ್ಲದು. ನಮ್ಮ ಕಡೆಯ ಮಂಡಲಗಳಿಗೆ 3 ಮೀಟರ್ ಬೇಕಾದಷ್ಟಾಯಿತು. ಆದರೆ ಬಂಡೆಯ ಮೇಲಿಂದ ಕೆಳಗೆ ನೋಡುವಾಗ, ಇಳಿಜಾರಿನಲ್ಲಿ ನಿಂತಾಗ ದೂರದ ಅಂದಾಜು ತಪ್ಪುತ್ತದೆ. ಅಲ್ಲಿ ಇನ್ನೂ ಎರಡು ಹೆಜ್ಜೆ ಹೆಚ್ಚೇ ಇರಲಿ.

ಕೋಲಿನಿಂದ ತಿವಿಯಬೇಡಿ, ಕಲ್ಲು ಎಸೆಯಬೇಡಿ, ತಲೆ ಎತ್ತಲಿ ಎಂದು ನೆಲ ಬಡಿಯಬೇಡಿ. ತನ್ನ ಪಾಡಿಗೆ ಇರುವ ಹಾವು ತನ್ನ ನಿಜವಾದ ನಡೆಯನ್ನು ತೋರಿಸುತ್ತದೆ. ಕೆಣಕಿದ ಹಾವು ಸೆಟೆದುಕೊಳ್ಳುತ್ತದೆ, ಗುರುತಿಸುವುದು ಇನ್ನಷ್ಟು ಕಷ್ಟವಾಗುತ್ತದೆ.

ಎರಡನೇ ಹೆಜ್ಜೆ: ಜಾಗ ಮತ್ತು ಹೊತ್ತು

ಹಾವಿನ ಮೈ ನೋಡುವ ಮೊದಲು ನೀವು ಎಲ್ಲಿ ನಿಂತಿದ್ದೀರಿ, ಗಂಟೆ ಎಷ್ಟು ಎಂದು ಕೇಳಿಕೊಳ್ಳಿ. ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಹಾಡುಹಗಲಲ್ಲಿ ಹಾದಿಗೆ ಅಡ್ಡಲಾಗಿ ಬಾಣದಂತೆ ಓಡಿ ಹುಲ್ಲಿನಲ್ಲಿ ಮರೆಯಾಯಿತೆ? ಹೆಚ್ಚಿನ ಮಟ್ಟಿಗೆ ಕೇರೆಹಾವು. ಕೆರೆಯ ಅಂಚಿನಲ್ಲಿ ಜೊಂಡಿನ ನಡುವೆ ತಲೆ ಎತ್ತಿಕೊಂಡಿದೆಯೆ? ನೀರೊಳ್ಳೆ ಇರಬಹುದು. ನಾಗರಹಾವು ಹಗಲಲ್ಲೂ ಇರುಳಲ್ಲೂ ಓಡಾಡುತ್ತದೆ, ಕೆರೆಯಂಚಿಗೂ ಬರುತ್ತದೆ. ಹುತ್ತ, ಇಲಿಬಿಲ, ಹೊಲದ ಬದು ಅದಕ್ಕೆ ಪ್ರಿಯ. ಕಟ್ಟುಹಾವು ಇರುಳಿನದು. ಬೆಳಕಿದ್ದಾಗ ಬಿಲದಲ್ಲೋ ಕಲ್ಲಿನ ರಾಶಿಯೊಳಗೋ ಇರುತ್ತದೆ, ಕತ್ತಲಾದ ಮೇಲೆ ಹೊರಗೆ ಬರುತ್ತದೆ. ಸೂರ್ಯೋದಯ ನೋಡಲೆಂದು ಬೆಳಗಿನ ಜಾವ ಬೆಟ್ಟ ಹತ್ತುವವರು ಇದನ್ನು ಗಮನದಲ್ಲಿಡಬೇಕು, ಏಕೆಂದರೆ ಆ ಹೊತ್ತು ಕಟ್ಟುಹಾವಿನದೂ ಮಂಡಲಗಳದೂ ಓಡಾಟದ ಹೊತ್ತು. ಮೊಬೈಲಿನ ಬೆಳಕು ಸಾಲದು. ಕಾಲಡಿಗೆ ಬೆಳಕು ಚೆನ್ನಾಗಿ ಬೀಳುವ ಟಾರ್ಚ್ ಬೇಕು.

ಗರಗಸ ಮಂಡಲಕ್ಕೆ ಒಣ ಕುರುಚಲು, ಜಲ್ಲಿನೆಲ, ಬಂಡೆಯಡಿಯ ಸಂದು ಇಷ್ಟ. ರಾಮನಗರ, ಸಾವನದುರ್ಗದಂತಹ ಬಂಡೆನಾಡಿನಲ್ಲಿ ಬಂಡೆ ಹತ್ತುವವರು ಕೈಗೆ ಸಿಕ್ಕ ಸಂದಿಗೆ ಬೆರಳು ತೂರಿಸುವ ಮೊದಲು ಒಳಗೆ ನೋಡಿಕೊಳ್ಳುವುದು ಇದೇ ಕಾರಣಕ್ಕೆ. ಕೊಳಕುಮಂಡಲ ಹುಲ್ಲು, ಲಂಟಾನ ಪೊದೆ, ತರಗೆಲೆ ಇರುವಲ್ಲೆಲ್ಲ ಇರುತ್ತದೆ. ಚಳಿಗಾಲ ಅದು ಜೋಡಿಯಾಗುವ ಕಾಲವಾದ್ದರಿಂದ ಆಗ ಹಗಲಿನಲ್ಲೂ ಕಣ್ಣಿಗೆ ಬೀಳುತ್ತದೆ, ಬಿಸಿಲು ಕಾಯಿಸುತ್ತ ಹಾದಿಯಂಚಿನಲ್ಲಿ ಮಲಗುತ್ತದೆ. ಮುಂಗಾರಿನ ಹೊತ್ತಿಗೆ ಮರಿಗಳು ಹೊರಬರುತ್ತವೆ. ಮಂಡಲಗಳು ಮೊಟ್ಟೆ ಇಡದೆ ನೇರವಾಗಿ ಮರಿ ಹಾಕುತ್ತವೆ, ಆ ಮರಿಗಳಿಗೆ ಹುಟ್ಟಿದ ದಿನದಿಂದಲೇ ವಿಷ ಇರುತ್ತದೆ. ಚಿಕ್ಕದು ಎಂಬುದು ಧೈರ್ಯಕ್ಕೆ ಕಾರಣವಾಗಬಾರದು.

ಮೂರನೇ ಹೆಜ್ಜೆ: ಹೇಗೆ ಹರಿಯುತ್ತಿದೆ

ನಾನು ಅತಿ ಹೆಚ್ಚು ನೆಚ್ಚಿಕೊಂಡಿರುವುದು ಈ ಗುರುತನ್ನು. ಬೆಳಕು ಮಬ್ಬಾಗಿದ್ದರೂ, ಹಾವು ಹುಲ್ಲಿನಲ್ಲಿ ಅರ್ಧ ಮುಚ್ಚಿಹೋಗಿದ್ದರೂ ಇದು ಕಾಣುತ್ತದೆ.

ನಿಮ್ಮನ್ನು ಕಂಡ ಕೂಡಲೇ ಓಟ ಕಿತ್ತರೆ ಅದು ಮಂಡಲವಾಗಿರುವ ಸಾಧ್ಯತೆ ತೀರ ಕಡಿಮೆ. ಮಂಡಲಗಳು ತಮ್ಮ ಬಣ್ಣದ ಮರೆಯನ್ನೇ ನಂಬಿ, ನೀವು ಪಕ್ಕದಲ್ಲಿ ಹಾದುಹೋದರೂ ಕದಲದೆ ಮಲಗಿರುತ್ತವೆ. ಅದರಿಂದಲೇ ಅವು ತುಳಿತಕ್ಕೆ ಸಿಗುತ್ತವೆ. ಹಾದಿಯ ಮೇಲೆ ದಪ್ಪ ಮೈಯ ಹಾವೊಂದು ಅಲುಗದೆ ಇದೆ ಎಂದರೆ, ಬೇರೆ ಗುರುತು ಸಿಗುವವರೆಗೂ ಅದನ್ನು ಕೊಳಕುಮಂಡಲವೆಂದೇ ಎಣಿಸಿ. ಗರಗಸ ಮಂಡಲ ಕೆರಳಿದಾಗ ಮೈಯನ್ನು ಅರ್ಧಚಂದ್ರದ ಮಡಿಕೆಗಳಾಗಿ ಮಾಡಿಕೊಂಡು ಒಂದಕ್ಕೊಂದು ಉಜ್ಜುತ್ತದೆ. ಗರಗಸದ ಹಲ್ಲಿನಂತಹ ಪಕ್ಕದ ಹುರುಪೆಗಳು ತಿಕ್ಕಿ ಕಾದ ಬಾಣಲೆಗೆ ನೀರು ಚಿಮುಕಿಸಿದಂತಹ ಚರಚರ ಸದ್ದು ಬರುತ್ತದೆ. ಅದರ ಹೆಸರಿನ ಮೂಲವೂ ಇದೇ. ಆ ಸದ್ದು ಕೇಳಿದ ಮೇಲೆ ಹಾವನ್ನು ಹುಡುಕುತ್ತ ನಿಲ್ಲಬೇಡಿ, ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಿರಿ.

ಎರಡು ಹಾವುಗಳು ಹುರಿಹಗ್ಗದಂತೆ ಹೆಣೆದುಕೊಂಡು ಎದ್ದು ಬೀಳುತ್ತಿರುವುದನ್ನು ಕಂಡರೆ, ನಾಗರವೂ ಕೇರೆಯೂ ಕೂಡುತ್ತಿವೆ ಎಂದು ನಮ್ಮಲ್ಲಿ ಹೇಳುವ ರೂಢಿ ಇದೆ. ಹೊಸ ಬಟ್ಟೆ ಹೊದಿಸಲು ಹೋಗುವವರೂ ಇದ್ದಾರೆ. ನಿಜದಲ್ಲಿ ಅದು ಸಾಮಾನ್ಯವಾಗಿ ಎರಡು ಗಂಡು ಕೇರೆಗಳ ಕುಸ್ತಿ. ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಲು ನೋಡುತ್ತದೆ. ನಾಗರಕ್ಕೂ ಕೇರೆಗೂ ಕೂಡಿಕೆ ಆಗುವುದಿಲ್ಲ. ದೂರದಲ್ಲಿ ಕುಳಿತು ನೋಡಲು ಇದಕ್ಕಿಂತ ಚೆಂದದ ನೋಟ ನಮ್ಮ ಕುರುಚಲು ಕಾಡಿನಲ್ಲಿ ಕಡಿಮೆ.

ನಾಲ್ಕನೇ ಹೆಜ್ಜೆ: ಮೈಕಟ್ಟು, ಬಾಲ

ಉದ್ದಕ್ಕೆ ಹೋಲಿಸಿದರೆ ದಪ್ಪ ಎಷ್ಟು ಎಂದು ನೋಡಿ. ಕೇರೆ, ಮರಹಾವು, ಹಸಿರು ಬಳ್ಳಿಹಾವು ಇವುಗಳ ಬಾಲ ಚಾಟಿಯಂತೆ ಉದ್ದವಾಗಿ, ಸಣ್ಣಗಾಗುತ್ತ ಹೋಗುತ್ತದೆ. ಮಂಡಲಗಳ ಮೈ ಗಿಡ್ಡ, ದಪ್ಪ, ಬಾಲ ಇದ್ದಕ್ಕಿದ್ದಂತೆ ಸಣ್ಣಗಾಗಿ ಬೇಗ ಮುಗಿಯುತ್ತದೆ. ಮಣ್ಣುಮುಕ್ಕ ಹಾವಿನ ಬಾಲವಂತೂ ಕತ್ತರಿಸಿದಂತೆ ಮೊಂಡಾಗಿರುತ್ತದೆ. ತಲೆ ಯಾವುದು, ಬಾಲ ಯಾವುದು ಎಂದು ತಿಳಿಯದೆ ಜನ ಅದನ್ನು ಇರ್ತಲೆ ಹಾವು, ಎರಡು ತಲೆ ಹಾವು ಎಂದು ಕರೆದರು. ನಿಧಿ, ಅದೃಷ್ಟ ಎಂಬ ಸುಳ್ಳಿಗೆ ಈ ಪಾಪದ ಜೀವಿ ಬಲಿಯಾಗುತ್ತಿರುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಲಕ್ಷಗಟ್ಟಲೆ ಬೆಲೆ ಬರುತ್ತದೆಂದು ನಂಬಿಸಿ ಮಾರುವ ಜಾಲಗಳು ಪೊಲೀಸರ ಕೈಗೆ ಸಿಕ್ಕ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಇರುವುದು ಒಂದೇ ತಲೆ, ವಿಷವೂ ಇಲ್ಲ.

ಐದನೇ ಹೆಜ್ಜೆ: ಜೋಡಿಗಳನ್ನು ಬೇರ್ಪಡಿಸುವುದು

ಕೊಳಕುಮಂಡಲ, ಹೆಬ್ಬಾವು, ಚಿಕ್ಕ ಮಣ್ಣುಹಾವು. ಕೊಳಕುಮಂಡಲದ ಮೈಮೇಲೆ ಮೂರು ಸಾಲು ಮಚ್ಚೆಗಳಿರುತ್ತವೆ, ಬೆನ್ನ ನಡುವೆ ಒಂದು, ಪಕ್ಕಗಳಲ್ಲಿ ಒಂದೊಂದು. ಪ್ರತಿ ಮಚ್ಚೆಯೂ ಮೊಟ್ಟೆಯಾಕಾರದ್ದು, ಕಂದು ನಡು, ಕಪ್ಪು ಅಂಚು, ಅದರ ಹೊರಗೆ ತೆಳುವಾದ ಬಿಳಿ ಗೆರೆ. ಒಂದರ ಹಿಂದೆ ಒಂದು ಜೋಡಿಸಿದ ಸರಪಳಿ ಕೊಂಡಿಗಳಂತೆ, ಅಳತೆ ಮಾಡಿ ಬರೆದಂತೆ ಕಾಣುತ್ತವೆ. ಹೆಬ್ಬಾವಿನ ಮಚ್ಚೆಗಳಲ್ಲಿ ಈ ಅಚ್ಚುಕಟ್ಟಿಲ್ಲ. ಒಂದು ದೊಡ್ಡದು, ಇನ್ನೊಂದು ಚಿಕ್ಕದು, ಅಂಚು ಹರಿದಂತೆ, ಭೂಪಟದ ತುಂಡುಗಳಂತೆ. ಹೆಬ್ಬಾವಿನ ಮೈ ನಯವಾಗಿ ಹೊಳೆಯುತ್ತದೆ, ಮಂಡಲದ ಮೈ ಒರಟಾಗಿ ಮಾಸಲಾಗಿರುತ್ತದೆ, ಪ್ರತಿ ಹುರುಪೆಯ ನಡುವೆಯೂ ಏಣು ಇರುವುದರಿಂದ ಬೆಳಕು ಹೊಳೆಯುವುದಿಲ್ಲ. ಮೇಲೆ ಹೇಳಿದ ಬೆಳಿಗ್ಗೆ ನನಗೆ ಮೊದಲು ಕಂಡದ್ದು ಈ ಹೊಳಪಿಲ್ಲದಿರುವಿಕೆ. ಬಿಸಿಲು ನೇರವಾಗಿ ಬೀಳುತ್ತಿದ್ದರೂ ಮೈ ತೆಂಗಿನ ಕರಟದ ಹೊರಮೈಯಂತೆ ಒಣಗಿದಂತಿತ್ತು. ಚಿಕ್ಕ ಮಣ್ಣುಹಾವಿನದು ಇನ್ನೊಂದು ಗೊಂದಲ. ಅದೂ ಗಿಡ್ಡ, ಅದೂ ಒರಟು, ಮಚ್ಚೆಯೂ ಇದೆ. ಆದರೆ ಅದರ ಮಚ್ಚೆಗಳು ಒಂದಕ್ಕೊಂದು ಅಂಟಿ ವಕ್ರವಕ್ರವಾಗಿ ಹರಡಿರುತ್ತವೆ, ಕತ್ತು ಬೇರೆಯಾಗಿ ಕಾಣುವುದಿಲ್ಲ, ಕಣ್ಣು ಸಾಸಿವೆಯಷ್ಟು. ಮಂಡಲದ ತಲೆ ಅಗಲ, ಕತ್ತು ಸಣ್ಣ, ಎದ್ದು ಕಾಣುತ್ತದೆ. ಈ ಮೂರರಲ್ಲಿ ಯಾವುದೆಂದು ಅನುಮಾನ ಉಳಿದರೆ ಅಲ್ಲಿಗೆ ನಿಲ್ಲಿಸಿ, ಮಂಡಲವೆಂದೇ ತಿಳಿದು ಸುತ್ತುಹಾಕಿ ಹೋಗಿ.

ಕಟ್ಟುಹಾವು, ತೋಳಹಾವು. ಮನೆಗೆ ಬಂದ ತೋಳಹಾವನ್ನು ಕಟ್ಟುಹಾವೆಂದು ಹೊಡೆದು ಸಾಯಿಸುವುದು, ಕಟ್ಟುಹಾವನ್ನು ತೋಳಹಾವೆಂದು ಕೈಯಲ್ಲಿ ಹಿಡಿಯುವುದು, ಎರಡೂ ನಡೆದಿವೆ. ಎರಡಕ್ಕೂ ಅಡ್ಡಪಟ್ಟಿಗಳಿವೆ. ಪಟ್ಟಿಗಳು ಎಲ್ಲಿ ಗಾಢ, ಎಲ್ಲಿ ಮಾಸಲು ಎಂಬುದನ್ನು ನೋಡಿ. ತೋಳಹಾವಿನ ಪಟ್ಟಿ ಕತ್ತಿನಿಂದಲೇ ಶುರುವಾಗಿ ಮೈಯ ಮುಂಭಾಗದಲ್ಲಿ ಎದ್ದು ಕಾಣುತ್ತದೆ, ಬಾಲದ ಕಡೆಗೆ ಮಾಸುತ್ತದೆ. ಕಟ್ಟುಹಾವಿನದು ಇದಕ್ಕೆ ತಿರುಗುಮುರುಗು. ತಲೆಯ ಹಿಂದೆ ಸ್ವಲ್ಪ ದೂರ ಪಟ್ಟಿಯಿಲ್ಲ ಅಥವಾ ಬರೀ ಚುಕ್ಕೆಗಳು, ಹಿಂದೆ ಹೋದಂತೆ ತೆಳುವಾದ ಬಿಳಿ ಗೆರೆಗಳು, ಹಲವು ಸಲ ಎರಡೆರಡು ಜೊತೆಯಾಗಿ, ಬಾಲದವರೆಗೂ ಸ್ಪಷ್ಟ. ಮೈ ನೀಲಿ ಮಿಂಚುವ ಕಪ್ಪು, ಎಣ್ಣೆ ಸವರಿದಂತಹ ಹೊಳಪು. ತೋಳಹಾವು ಕಂದು, ಚಿಕ್ಕದು, ಸಾಮಾನ್ಯವಾಗಿ ಅರ್ಧ ಮೀಟರಿನ ಆಸುಪಾಸು. ತಲೆ ಚಪ್ಪಟೆ, ಗೋಡೆ ಹತ್ತುವುದರಲ್ಲಿ ನಿಪುಣ. ವಯಸ್ಸಾದ ಕಟ್ಟುಹಾವಿನಲ್ಲಿ ಮುಂಭಾಗದ ಪಟ್ಟಿಗಳು ಪೂರ್ತಿ ಅಳಿಸಿಹೋಗಿರಬಹುದು. ಆದ್ದರಿಂದ ರಾತ್ರಿ ಕಾಣುವ, ಪಟ್ಟಿಯಿಲ್ಲದಂತೆ ತೋರುವ ಹೊಳಪಿನ ಕಪ್ಪು ಹಾವನ್ನು ಎಂದೂ ಸಾಧುವೆಂದು ತೀರ್ಮಾನಿಸಬೇಡಿ. ಚಿತ್ರ ತೆಗೆದು ಹಿಗ್ಗಿಸಿ ನೋಡಿದರೆ ಕಟ್ಟುಹಾವಿನ ಬೆನ್ನ ನಡುಸಾಲಿನಲ್ಲಿ ಉಳಿದವುಗಳಿಗಿಂತ ದೊಡ್ಡದಾದ ಆರು ಮೂಲೆಯ ಹುರುಪೆಗಳು ಸಾಲಾಗಿ ಕಾಣುತ್ತವೆ. ಮನೆಗೆ ಬಂದ ಮೇಲೆ ಹೆಸರು ಖಚಿತಪಡಿಸಿಕೊಳ್ಳಲು ಇದು ಒಳ್ಳೆಯ ಗುರುತು, ಹಾದಿಯಲ್ಲಿ ಬಗ್ಗಿ ನೋಡಲಿಕ್ಕೆ ಹೇಳಿದ್ದಲ್ಲ.

ನಾಗರ, ಕೇರೆ, ನೀರೊಳ್ಳೆ. ಹೆಡೆ ಬಿಚ್ಚಿದ ನಾಗರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೆಡೆ ಬಿಚ್ಚದ ನಾಗರವೇ ಕಷ್ಟ. ಅದಕ್ಕೆ ಭಯವಿಲ್ಲದಾಗ ಹೆಡೆ ಎತ್ತುವುದಿಲ್ಲ, ಸುಮ್ಮನೆ ಹರಿದುಹೋಗುತ್ತದೆ. ಆಗ ನೋಡುವವರಿಗೆ ಕೇರೆಯಂತೆಯೇ ಕಾಣುತ್ತದೆ. ಕೇರೆಯ ಕಣ್ಣು ದೊಡ್ಡದು, ಕತ್ತು ಸಣ್ಣದು, ತುಟಿಯ ಮೇಲೆ ಪೆನ್ನಿನಿಂದ ಎಳೆದಂತಹ ಕಪ್ಪು ಅಡ್ಡಗೆರೆಗಳು. ಮೈಯ ಹಿಂಭಾಗದಲ್ಲಿ ಹುರುಪೆಗಳ ಅಂಚು ಕಪ್ಪಾಗಿ ಬಲೆಯಂತೆ ತೋರುತ್ತದೆ. ನಾಗರದ ತಲೆ ಮತ್ತು ಕತ್ತು ಹೆಚ್ಚುಕಡಿಮೆ ಒಂದೇ ಅಗಲ, ತುಟಿಯಲ್ಲಿ ಅಂತಹ ಗೆರೆಸಾಲಿಲ್ಲ. ಬಣ್ಣ ಗೋಧಿಯಿಂದ ಕಪ್ಪಿನವರೆಗೆ ಯಾವುದೂ ಇರಬಹುದು, ಹೆಡೆಯ ಮೇಲಿನ ಕನ್ನಡಕದ ಗುರುತು ಕೆಲವದರಲ್ಲಿ ಇರುವುದೇ ಇಲ್ಲ. ಕೇರೆಯೂ ಸಿಕ್ಕಿಬಿದ್ದಾಗ ಕತ್ತು ಉಬ್ಬಿಸಿ ಗುರುಗುಟ್ಟುತ್ತದೆ. ಅದು ಉಬ್ಬುವುದು ಮೇಲೆ ಕೆಳಗೆ, ನಾಗರ ಅರಳುವುದು ಎಡಕ್ಕೆ ಬಲಕ್ಕೆ. ಈ ಒಂದು ವ್ಯತ್ಯಾಸ ತಿಳಿದಿದ್ದರೆ ಎಷ್ಟೋ ಕೇರೆಗಳು ಬದುಕುತ್ತವೆ. ನೀರೊಳ್ಳೆ ಮಾತ್ರ ಕತ್ತನ್ನು ಅಕ್ಕಪಕ್ಕಕ್ಕೇ ಚಪ್ಪಟೆ ಮಾಡಿ ತಲೆ ಎತ್ತುವುದರಿಂದ ಕೆರೆಯಂಚಿನಲ್ಲಿ ನಾಗರವೆಂದು ಹೆದರಿಸುತ್ತದೆ. ಅದರ ಮೈ ಚದುರಂಗದ ಹಾಸಿನಂತೆ ಚೌಕುಳಿ. ಕಣ್ಣಿನ ಕೆಳಗೊಂದು, ಕಣ್ಣಿನ ಹಿಂದೊಂದು ಕಪ್ಪು ಓರೆಗೆರೆ ಬಾಯಿಯ ಕಡೆಗೆ ಇಳಿದಿರುತ್ತದೆ. ಅದಕ್ಕೆ ಕೋಪ ಹೆಚ್ಚು, ಕಚ್ಚುತ್ತದೆ, ವಿಷವಿಲ್ಲ.

ಗರಗಸ ಮಂಡಲ, ಬೆಕ್ಕುಹಾವು. ನಮ್ಮ ಕಡೆಯ ಗರಗಸ ಮಂಡಲ ಚಿಕ್ಕದು, ಒಂದೂವರೆ ಅಡಿ ಮೀರುವುದು ಅಪರೂಪ. ಪಕ್ಕದಲ್ಲಿ ಅಲೆಯಲೆಯಾದ ಬಿಳಿಚು ಗೆರೆ, ತಲೆಯ ಮೇಲೆ ಬಾಣದ ಅಥವಾ ಹಕ್ಕಿಯ ಕಾಲಿನ ಗುರುತು. ಬೆಕ್ಕುಹಾವಿಗೂ ಬೆನ್ನ ಮೇಲೆ ವಕ್ರರೇಖೆ, ತಲೆಯ ಮೇಲೆ ಗುರುತು ಎರಡೂ ಇವೆ, ಆದರೆ ಮೈ ಬಳ್ಳಿಯಂತೆ ಸಪೂರ, ಬಾಲ ಉದ್ದ, ಹೆಚ್ಚಾಗಿ ಪೊದೆಯ ಮೇಲೆ ಇರುತ್ತದೆ. ಗರಗಸ ಮಂಡಲ ನೆಲದ ಮೇಲೆ, ಕಲ್ಲಿನ ಬಳಿ.

ಹಸಿರು ಹಾವುಗಳು. ಪೆನ್ಸಿಲಿನಷ್ಟು ಸಪೂರ, ಚೂಪು ಮೂತಿ, ಕಣ್ಣಪಾಪೆ ಅಡ್ಡಲಾಗಿ ಸೀಳಿದಂತೆ ಇದ್ದರೆ ಹಸಿರು ಬಳ್ಳಿಹಾವು. ಅದು ಕಣ್ಣು ಕುಕ್ಕುತ್ತದೆ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇವೆ, ಅದರಲ್ಲಿ ಹುರುಳಿಲ್ಲ. ಅದರ ವಿಷ ಸೌಮ್ಯ, ಮನುಷ್ಯರ ಜೀವಕ್ಕೆ ಅಪಾಯವಿಲ್ಲ. ಆದರೆ ಇಲ್ಲಿ ರೂಢಿಯಾದ ಧೈರ್ಯವನ್ನು ಪಶ್ಚಿಮ ಘಟ್ಟದ ಚಾರಣಕ್ಕೆ ಕೊಂಡೊಯ್ಯಬೇಡಿ. ಅಲ್ಲಿ ಕೊಂಬೆಯ ಮೇಲೆ ಅಲುಗದೆ ಕುಳಿತ ಹಸಿರು ಹಾವಿನ ತಲೆ ಅಗಲವಾಗಿ, ಕತ್ತು ಸಣ್ಣದಾಗಿದ್ದರೆ ಅದು ಬಿದಿರು ಮಂಡಲದಂತಹ ವಿಷದ ಹಾವು.

ಇನ್ನು ಮಳೆ ಬಂದ ಮರುದಿನ ಎರೆಹುಳುವಿನಂತೆ ತೆವಳುವ, ಮಿನುಗುವ ಕಪ್ಪುಕಂದು ಎಳೆಯನ್ನು ಕಂಡರೆ ಅದು ಹುಳುಹಾವು. ಇರುವೆಯ ಮೊಟ್ಟೆ ತಿಂದು ಬದುಕುತ್ತದೆ. ದಾಟಿಕೊಂಡು ಹೋಗಿ.

ಬಿಟ್ಟುಬಿಡಬೇಕಾದ ಸೂತ್ರಗಳು

"ತಲೆ ತ್ರಿಕೋನವಾಗಿದ್ದರೆ ವಿಷ, ಕಣ್ಣಪಾಪೆ ಸೀಳಿದಂತಿದ್ದರೆ ವಿಷ, ದುಂಡಗಿದ್ದರೆ ಇಲ್ಲ." ಈ ಮಾತು ವಾಟ್ಸ್ಆ್ಯಪಿನಲ್ಲಿ ಮಳೆಗಾಲ ಬಂದಾಗಲೆಲ್ಲ ಸುತ್ತುತ್ತದೆ. ಬೇರೆ ದೇಶಗಳ ಹಾವುಗಳಿಗೆ ಒಂದಿಷ್ಟು ಹೊಂದಬಹುದಾದ ಇದನ್ನು ಇಲ್ಲಿ ನಂಬಿದರೆ ಪ್ರಾಣಕ್ಕೆ ಸಂಚಕಾರ. ನಾಗರದ ಕಣ್ಣಪಾಪೆ ದುಂಡಗಿದೆ. ಕಟ್ಟುಹಾವಿನ ಕಣ್ಣು ಪೂರ್ತಿ ಕಪ್ಪು ಮಣಿ. ಎರಡರ ತಲೆಯೂ ತ್ರಿಕೋನವಲ್ಲ. ಅದೇ ಬೆಕ್ಕುಹಾವಿಗೂ ಹೆಬ್ಬಾವಿಗೂ ಸೀಳುಪಾಪೆ ಇದೆ, ಅವು ವಿಷದಿಂದ ಮನುಷ್ಯರನ್ನು ಕೊಲ್ಲುವ ಹಾವುಗಳಲ್ಲ. ಸಾಧು ಹಾವುಗಳೂ ಹೆದರಿದಾಗ ದವಡೆ ಅಗಲಿಸಿ ತಲೆಯನ್ನು ತ್ರಿಕೋನ ಮಾಡಿಕೊಳ್ಳುತ್ತವೆ. ಕಡಿದ ಜಾಗದಲ್ಲಿ ಎರಡೇ ಹಲ್ಲಿನ ಗುರುತಿದ್ದರೆ ವಿಷ, ಹೆಚ್ಚಿದ್ದರೆ ಇಲ್ಲ ಎಂಬುದೂ ಹೀಗೆಯೇ. ಕಟ್ಟುಹಾವು ಕಡಿದರೆ ಗುರುತೇ ಕಾಣದಿರಬಹುದು, ನೋವೂ ಇರದಿರಬಹುದು.

ನನ್ನ ನಿಯಮ ಇಷ್ಟೇ: ಒಂದು ಗುರುತಿನಿಂದ ಹೆಸರು ಹೇಳುವುದಿಲ್ಲ. ಬೇರೆ ಬೇರೆ ಮೂರು ಗುರುತುಗಳು ಒಂದೇ ಹೆಸರನ್ನು ತೋರಿಸಬೇಕು, ಉದಾಹರಣೆಗೆ ನಡೆ, ಬಾಲ, ಮಚ್ಚೆ. ಅಲ್ಲಿಯವರೆಗೆ ಅದು ವಿಷದ ಹಾವು.

ಆರನೇ ಹೆಜ್ಜೆ: ಚಿತ್ರ ಮತ್ತು ಟಿಪ್ಪಣಿ

ನಿಂತಲ್ಲಿಂದಲೇ ಜೂಮ್ ಮಾಡಿ ತೆಗೆಯಿರಿ. ಮೊದಲು ಇಡೀ ಹಾವು, ಮಸುಕಾದರೂ ಪರವಾಗಿಲ್ಲ. ಆಮೇಲೆ ನಡುಮೈಯ ವಿನ್ಯಾಸ, ತಲೆಯ ಪಕ್ಕ, ಬಾಲದ ತುದಿ. ಚಿತ್ರ ಸಿಗದಿದ್ದರೆ ಹತ್ತು ಸೆಕೆಂಡಿನ ವಿಡಿಯೋ ಸಾಕು, ನಡೆಯೂ ಅದರಲ್ಲಿ ಸಿಗುತ್ತದೆ. ಹಾವಿನ ಜೊತೆ ಸೆಲ್ಫಿ ಖಂಡಿತ ಬೇಡ. ಗಂಟೆ, ಜಾಗ, ನೆಲ ಹೇಗಿತ್ತು, ಬಿಸಿಲೋ ಮೋಡವೋ ಎಂದು ಎರಡು ಸಾಲು ಬರೆದುಕೊಳ್ಳಿ. ಜೀವಿಗಳ ಚಿತ್ರ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ. ಮಣ್ಣುಮುಕ್ಕ ಹಾವು ಕಂಡಿದ್ದರೆ ಮಾತ್ರ ನಿಖರ ಜಾಗವನ್ನು ಮರೆಮಾಡುವ ಆಯ್ಕೆ ಬಳಸಿ. ಹಿಡಿದು ಮಾರುವವರೂ ಅದನ್ನು ನೋಡುತ್ತಾರೆ.

ಹಾವು ಹಾದಿ ಬಿಡದಿದ್ದರೆ ಕಾಯಿರಿ, ಇಲ್ಲವೇ ದೂರದಿಂದ ಬಳಸಿ ಹೋಗಿ. ಹೊಡೆಯುವುದೂ ಹಿಡಿಯುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮನೆ, ಶಾಲೆ, ವಾಹನ ನಿಲುಗಡೆಯ ಜಾಗದಲ್ಲಿ ಕಂಡು ಅಪಾಯವೆನಿಸಿದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ರಕ್ಷಕರು ಬರುವವರೆಗೆ ಒಬ್ಬರು ದೂರದಿಂದ ಅದರ ಮೇಲೆ ಕಣ್ಣಿಟ್ಟಿರಲಿ.

ಕಡಿದರೆ

2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಈ ಸಾವುಗಳಲ್ಲಿ ಬಹಳಷ್ಟು ತಡವಾಗಿ ಆಸ್ಪತ್ರೆ ಸೇರಿದ್ದರಿಂದ ಆದವು, ಮಂತ್ರ, ನಾಟಿಬೇರು, ಕಟ್ಟು ಬಿಗಿಯುವುದು ಎನ್ನುತ್ತ ಕಳೆದ ಹೊತ್ತಿನಿಂದ ಆದವು.

ಕಡಿತವಾದ ಮೇಲೆ ಹಾವನ್ನು ಗುರುತಿಸುವ ಕೆಲಸ ಮುಗಿಯಿತು ಎಂದೇ ತಿಳಿಯಿರಿ. ನಾಲ್ಕೂ ಹಾವುಗಳಿಗೆ ಕೊಡುವ ಪ್ರತಿವಿಷ ಒಂದೇ, ವೈದ್ಯರು ನಿರ್ಧರಿಸುವುದು ರೋಗಿಯ ಲಕ್ಷಣ ನೋಡಿ. ಚಿತ್ರ ಇದ್ದರೆ ತೋರಿಸಿ, ಇಲ್ಲದಿದ್ದರೆ ಹಾವನ್ನು ಹುಡುಕುತ್ತ ಇನ್ನೊಬ್ಬರು ಕಡಿಸಿಕೊಳ್ಳಬೇಡಿ. "ಅದು ಬರೀ ಕೇರೆ" ಎಂದು ನಿಮಗೆ ಎಷ್ಟೇ ಖಾತರಿ ಇದ್ದರೂ ಆಸ್ಪತ್ರೆಗೆ ಹೋಗಿ.

ಕಡಿಸಿಕೊಂಡವರನ್ನು ಕೂರಿಸಿ ಸಮಾಧಾನ ಹೇಳಿ. ಉಂಗುರ, ಬಳೆ, ಕಾಲ್ಗೆಜ್ಜೆ, ಗಡಿಯಾರ, ಶೂ ಬಿಚ್ಚಿ, ಏಕೆಂದರೆ ಊತ ಬಂದ ಮೇಲೆ ಬಿಚ್ಚಲಾಗದು. ಮೂಳೆ ಮುರಿದಾಗ ಕಟ್ಟುವಂತೆ ಕೋಲು ಮತ್ತು ಬಟ್ಟೆಯಿಂದ ಆ ಕೈಯನ್ನೋ ಕಾಲನ್ನೋ ಅಲುಗದಂತೆ ಸಡಿಲವಾಗಿ ಕಟ್ಟಿ. ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ, ಬಾಯಿಂದ ಹೀರಬೇಡಿ, ಮಂಜುಗಡ್ಡೆ ಇಡಬೇಡಿ. 108ಕ್ಕೆ ಕರೆ ಮಾಡಿ. ಬೆಟ್ಟದ ಮೇಲಿದ್ದರೆ ನಡೆಸದೆ ಹೊತ್ತು ಇಳಿಸಿ. ವಾಂತಿ ಅಥವಾ ಮಂಪರು ಬಂದರೆ ಎಡಮಗ್ಗುಲಿಗೆ ಮಲಗಿಸಿ. ಕಡಿದ ಗಂಟೆಯನ್ನೂ ನಂತರ ಕಂಡ ಬದಲಾವಣೆಗಳನ್ನೂ ಮೊಬೈಲಿನಲ್ಲಿ ಬರೆದಿಡಿ: ರೆಪ್ಪೆ ಜೋಲುವುದು, ಒಂದು ಎರಡಾಗಿ ಕಾಣುವುದು, ನುಂಗಲು ಕಷ್ಟ, ವಸಡಿನಲ್ಲಿ ರಕ್ತ, ಕೆಂಪು ಮೂತ್ರ, ಕಾರಣವಿಲ್ಲದ ಹೊಟ್ಟೆನೋವು. ಚಾರಣಕ್ಕೆ ಹೊರಡುವ ಹಿಂದಿನ ದಿನವೇ ಆ ಕಡೆಯ ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ಪ್ರತಿವಿಷ ಇದೆಯೇ ಎಂದು ಕೇಳಿಟ್ಟುಕೊಳ್ಳಿ. ಐದು ನಿಮಿಷದ ಕೆಲಸ, ನಮ್ಮ ಗುಂಪಿನಲ್ಲಿ ಇದನ್ನು ಮಾಡದೆ ಯಾರೂ ಹೊರಡುವುದಿಲ್ಲ.

ಅಭ್ಯಾಸ

ಕಾಡಿಗೆ ಹೋಗುವ ಮೊದಲು ಮನೆಯಲ್ಲೇ ಕಲಿಯಬಹುದು. ಮೇಲೆ ಹೇಳಿದ ಜೋಡಿಗಳ ಚಿತ್ರಗಳನ್ನು, ಪ್ರತಿ ಹಾವಿಗೂ ಹತ್ತಿಪ್ಪತ್ತು, ಬೇರೆ ಬೇರೆ ಬಣ್ಣದವನ್ನು ಒಟ್ಟುಮಾಡಿ. ಅವನ್ನು ಬೆರಕೆ ಮಾಡಿ, ಹೆಸರು ಮುಚ್ಚಿ, ಒಬ್ಬರು ಇನ್ನೊಬ್ಬರನ್ನು ಕೇಳಿ. ಹೆಸರಿನ ಜೊತೆಗೆ ಮೂರು ಗುರುತು ಹೇಳಲೇಬೇಕೆಂದು ಪಟ್ಟು ಹಿಡಿಯಿರಿ. ಆಮೇಲೆ ಅವೇ ಚಿತ್ರಗಳನ್ನು ಕಪ್ಪುಬಿಳುಪು ಮಾಡಿ ಮತ್ತೆ ಆಡಿ. ನನ್ನ ಮಗಳಿಗೆ ಹತ್ತು ವರ್ಷ. ಮೊದಲ ವಾರ ಕಪ್ಪುಬಿಳುಪಿನಲ್ಲಿ ಅವಳಿಗೂ ನನಗೂ ಅರ್ಧಕ್ಕರ್ಧ ತಪ್ಪುತ್ತಿತ್ತು. ಈಗ ಅವಳು ತೋಳಹಾವಿನ ಚಿತ್ರ ಬಂದರೆ ತಲೆಯ ಕಡೆ ಬೆರಳಿಟ್ಟು, "ಇಲ್ಲಿಂದಲೇ ಪಟ್ಟಿ ಶುರು, ಅಪ್ಪ" ಎನ್ನುತ್ತಾಳೆ. ಬಣ್ಣ ಯಾವುದಿತ್ತೆಂದು ಕೇಳುವುದೇ ಇಲ್ಲ.